ಪ್ರತಿ ಸಾಲಿನ ಎಫ್‌ಫ್ಲಶ್ ತೆಗೆದ ಪ್ಯಾಚ್ ಬಂದಿದೆ, ರಿವ್ಯೂ ಮಾಡುವಾಗ ಎಂತ ನೋಡೋದು?

ಚಾಲಿ_ಮಾಣಿ (ಶಿರಸಿ)

ಎಲ್ಲರಿಗೂ ನಮಸ್ಕಾರ. ಇಲ್ಲೊಂದು ಅಡಿಕೆ ವಖಾರಿಯ ತೂಕದ ಲೆಕ್ಕ ಬರೆಯುವ ಸಿ ಪ್ರೋಗ್ರಾಂ ಇದೆ, ನಾವೊಂದಿಷ್ಟು ಜನ ಬಿಡುವಿದ್ದಾಗ ನೋಡ್ಕೊಳ್ತೇವೆ. ಕಾಟಾದಿಂದ ಸೀರಿಯಲ್ ಕೇಬಲ್‌ನಲ್ಲಿ ತೂಕ ಬರ್ತದೆ. ಪ್ರೋಗ್ರಾಂ ಮೂಟೆಗೊಂದು ಸಾಲನ್ನ ಲಾಗ್ ಫೈಲಿಗೆ ಬರೀತದೆ, ಅದೇ ಸಾಲನ್ನ ಎಸ್‌ಟಿಡಿ-ಔಟ್‌ಗೂ (ಪ್ರೋಗ್ರಾಮಿನ ಮಾಮೂಲಿ ಹೊರದಾರಿ) ಹಾಕ್ತದೆ. ಅಲ್ಲಿಂದ ಪೈಪ್ ಮೂಲಕ ಇನ್ನೊಂದು ಪ್ರೋಗ್ರಾಂ ತಗೊಂಡು ಹೊರಗಿನ ಪರದೆ ಮೇಲೆ ತೋರಿಸ್ತದೆ. ಬೆಳೆ ತಂದವರು ಆ ಪರದೆ ನೋಡ್ತಾ ನಿಂತಿರ್ತಾರೆ. ಚೀಟಿ ಪ್ರಿಂಟಿಗೆ ಬೇರೆ ಪ್ರೊಸೆಸ್ ಫೋರ್ಕ್ ಆಗ್ತದೆ, ಅಂದ್ರೆ ಪ್ರೋಗ್ರಾಮಿನದೇ ಒಂದು ನಕಲು ಹುಟ್ತದೆ.

ಈಗ ಅಂಕೋಲೆಯ ನಮ್ಮ ಗೆಳೆಯ ಒಂದು ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಿದ್ದಾನೆ. ಪ್ರತಿ ಸಾಲು ಬರೆದ ಮೇಲೆ ಇದ್ದ ಎಫ್‌ಫ್ಲಶ್ (ಬಫರ್‌ನಲ್ಲಿ, ಅಂದ್ರೆ ಅಕ್ಷರ ಕೂಡಿಡೋ ಮೆಮೊರಿ ಜಾಗದಲ್ಲಿ, ಇದ್ದದ್ದನ್ನ ತಕ್ಷಣ ಹೊರಗೆ ಕಳಿಸೋ ಕರೆ) ಎಲ್ಲಾ ಕಡೆ ತೆಗೆದಿದ್ದಾನೆ. ಲಾಗ್ ಫೈಲಿಗೆ ಸೆಟ್‌ವಿಬಫ್ (ಬಫರ್‌ನ ಗಾತ್ರ, ವಿಧಾನ ಗೊತ್ತುಮಾಡೋ ಕರೆ) ಹಾಕಿ 64 ಕೆಬಿ ಬಫರ್ ಕೊಟ್ಟಿದ್ದಾನೆ. ಸಾಲು ಕಟ್ಟೋ ಜಾಗದಲ್ಲಿ ನಾಲ್ಕೈದು ಎಫ್‌ಪ್ರಿಂಟ್‌ಎಫ್ ಇದ್ದದ್ದನ್ನ ಒಂದೇ ಎಸ್‌ಪ್ರಿಂಟ್‌ಎಫ್ (ಸಾಲನ್ನ ಮೊದಲು ಮೆಮೊರಿಯ ಅರೇಯಲ್ಲಿ ಕಟ್ಟೋದು) ಮಾಡಿ, ಆಮೇಲೆ ಎಫ್‌ಪುಟ್ಸ್. ಜೊತೆಗೆ ಇಡೀ ಫೈಲಿನ ಟ್ಯಾಬ್ ಎಲ್ಲಾ ಸ್ಪೇಸ್ ಆಗಿದೆ. ವಿವರಣೆಯಲ್ಲಿ ಬರೆದದ್ದು ಒಂದೇ ಪದ: "ವೇಗ".

ಓಡಿಸಿ ನೋಡಿದೆ, ಓಡ್ತದೆ. ಆದ್ರೂ ಒಪ್ಪಿಗೆ ಒತ್ತೋಕೆ ಕೈ ಬರ್ತಾ ಇಲ್ಲ. ಇಂಥದ್ದನ್ನ ನೀವು ಹೇಗೆ ನೋಡ್ತೀರಿ?

ಬೈತಖೋಲ್ (ಕಾರವಾರ)

ಎಲ್ಲಿ ಓಡಿಸಿ ನೋಡಿದ್ರಿ? ಟರ್ಮಿನಲ್‌ನಲ್ಲಾ, ಪೈಪ್ ಹಾಕಿನಾ?

ಚಾಲಿ_ಮಾಣಿ

ಮನೆಯ ಲ್ಯಾಪ್‌ಟಾಪ್, ಟರ್ಮಿನಲ್.

ಬೈತಖೋಲ್

ಅಲ್ಲೇ ಇರೋದು. ಎಸ್‌ಟಿಡಿ-ಔಟ್ ಟರ್ಮಿನಲ್‌ಗೆ ಹೋಗ್ತಾ ಇದ್ರೆ ಲೈನ್ ಬಫರಿಂಗ್, ಹೊಸ ಸಾಲು ಬಂದ ಕೂಡ್ಲೇ ಹೊರಗೆ. ಪೈಪ್ ಅಥವಾ ಫೈಲ್ ಆದ್ರೆ ಫುಲ್ ಬಫರಿಂಗ್, ಬಫರ್ ತುಂಬಿದ ಮೇಲೇ ಹೊರಗೆ. ಸಿ ಸ್ಟ್ಯಾಂಡರ್ಡ್ ಹೇಳೋದು ಇಷ್ಟೇ: ಎದುರಿಗಿರೋದು ಮನುಷ್ಯ ಕೂತು ನೋಡೋ ಸಾಧನ ಅಲ್ಲ ಅಂತ ಖಾತ್ರಿಯಾದಾಗ ಮಾತ್ರ ಫುಲ್ ಬಫರಿಂಗ್. ದೋಷದ ಸಂದೇಶ ಹೋಗೋ ಎಸ್‌ಟಿಡಿ-ಎರರ್ ಮಾತ್ರ ಯಾವತ್ತೂ ಶುರುವಿಗೆ ಫುಲ್ ಬಫರ್ ಆಗೋದಿಲ್ಲ.

ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿ ಪೈಪ್‌ಗೆ ಸಾಮಾನ್ಯವಾಗಿ 4096 ಬೈಟಿನ ಬಫರ್ ಕೊಡ್ತದೆ. ನಿಮ್ಮ ಸಾಲು ನೂರು ಬೈಟ್ ಅಂದ್ಕೊಳ್ಳಿ. ನಲವತ್ತು ಮೂಟೆ ತೂಗಿದ ಮೇಲೆ ನಲವತ್ತೂ ತೂಕ ಒಟ್ಟಿಗೆ ಪರದೆಗೆ ಬೀಳ್ತದೆ. ಮೊದಲ ಮೂಟೆಯವನು ಅಷ್ಟೊತ್ತಿಗೆ ಜಗಳ ತೆಗ್ದಿರ್ತಾನೆ.

ಕುಮಟಾ_ಕಂಪೈಲರ್

ಕುಮಟಾ ಸ್ಟ್ಯಾಂಡಿನ ಟೆಂಪೋ ಇದ್ದಹಾಗೆ. ತುಂಬದೆ ಹೊರಡೋದಿಲ್ಲ, ಒಳಗೆ ಕೂತವನಿಗೆ ಅರ್ಜೆಂಟ್ ಇದ್ರೆ ಡ್ರೈವರ್‌ಗೇನು.

ಗುಡ್ಡೆಮನೆ_ಭಾವ (ಸಿದ್ದಾಪುರ)

ತಮಾ, ವೇಗ ಹೇಳಿ ಬರದ್ದ ಅಲ್ದಾ, ಎಂತದ್ದರ ವೇಗ ಹೇಳಿ ಮೊದ್ಲು ಕೇಳು. ಒಂದು ಮೂಟೆ ಕಾಟಾಕ್ಕೆ ಏರ್ಸಿ ಇಳ್ಸಲೆ ಹಮಾಲಂಗೆ ಒಂದು ನಿಮಿಷ ಬೇಕು. ಒಂದು ಎಫ್‌ಫ್ಲಶ್ ಅಂದ್ರೆ ಒಂದು ರೈಟ್ ಸಿಸ್ಟಮ್ ಕಾಲ್ (ಕರ್ನಲ್‌ಗೆ, ಅಂದ್ರೆ ಆಪರೇಟಿಂಗ್ ಸಿಸ್ಟಮಿನ ತಿರುಳಿಗೆ, ಒಂದು ಕರೆ), ಮೈಕ್ರೋಸೆಕೆಂಡಿನ ಲೆಕ್ಕ. ಅದನ್ನ ಉಳ್ಸಿ ಎಂತ ಮಾಡ್ತ್ರಿ? ರಾಶಿ ಬುದ್ಧಿವಂತಿಕೆ ಆತು ಇದು.

ಈಶಾಡ್ (ಅಂಕೋಲಾ)

ಪ್ಯಾಚ್ ನಂದೇ. ಓದ್ತಾ ಇದ್ದೇನೆ.

ಭಾವ, ನಾನು ಹೇಳಿದ ವೇಗ ಮೂಟೆ ತೂಗೋದರದ್ದಲ್ಲ. ಅದೇ ಸಾಲು ಬರೆಯೋ ಫಂಕ್ಷನ್ನನ್ನೇ ಸೀಸನ್ ಕೊನೆಯ ರಿಪೋರ್ಟೂ ಬಳಸ್ತದೆ. ಹಳೆಯ ಲೆಕ್ಕ ಎಲ್ಲಾ ಓದಿ ಲಕ್ಷಗಟ್ಟಲೆ ಸಾಲು ಮತ್ತೆ ಬರೀಬೇಕು. ಸಿಸ್ಟಮ್ ಕಾಲ್ ತೋರಿಸೋ ಸ್ಟ್ರೇಸ್ ಹಾಕಿ ಎಣಿಸಿದ್ರೆ ಸಾಲಿಗೊಂದು ರೈಟ್ ಕಾಣ್ತದೆ. ಅಲ್ಲಿ ಪ್ರೋಗ್ರಾಂ ತೆವಳ್ತದೆ, ಬೇಕಾದ್ರೆ ಓಡಿಸಿ ನೋಡಿ.

ಗುಡ್ಡೆಮನೆ_ಭಾವ

ಹಂಗಾರೆ ಸರಿ ಇದ್ದು. ಅದನ್ನ ಪ್ಯಾಚಿನ ಮೇಲೆ ಬರಿಯಕ್ಕು. ಓದವನಿಗೆ ಕನಸು ಬೀಳ್ತಿಲ್ಲೆ.

ಕೋಡಿಬಾಗ (ಕಾರವಾರ)

ಈಶಾಡ್ ಹೇಳಿದ್ದು ನ್ಯಾಯ. ಆದ್ರೆ ಇಲ್ಲಿ ಮೂರು ಬೇರೆ ಬೇರೆ ಹೊರದಾರಿ ಇವೆ, ಒಂದೇ ಪ್ಯಾಚ್ ಮೂರಕ್ಕೂ ಒಂದೇ ಔಷಧಿ ಕುಡಿಸಿದೆ.

ಪರದೆಗೆ ಹೋಗೋದು ತಕ್ಷಣ ಹೋಗಬೇಕು, ಕಳೆದುಹೋದ್ರೂ ಪರವಾಗಿಲ್ಲ. ಲಾಗ್‌ಗೆ ಹೋಗೋದು ಕಳೆದುಹೋಗಬಾರದು. ರಿಪೋರ್ಟ್ ತಡವಾದ್ರೂ ಆದೀತು, ಕಳೆದ್ರೂ ಮತ್ತೆ ತೆಗೀಬಹುದು. ಅಲ್ಲಿ ಮಾತ್ರ ದೊಡ್ಡ ಬಫರ್‌ಗೆ ಅರ್ಥ ಇದೆ. ನಾನು ರಿವ್ಯೂ ಮಾಡೋವಾಗ ಪ್ರತಿ ಸ್ಟ್ರೀಮ್ ಪಕ್ಕ ಎರಡು ಪ್ರಶ್ನೆ ಬರ್ಕೊಳ್ತೇನೆ: ಈ ಅಕ್ಷರ ಪ್ರೋಗ್ರಾಮಿನಿಂದ ಯಾವಾಗ ಹೊರಗೆ ಹೋಗ್ತದೆ? ಹೋಗದಿದ್ರೆ ಯಾರಿಗೆ ಗೊತ್ತಾಗ್ತದೆ? ಎರಡಕ್ಕೂ ಪ್ಯಾಚಿನಲ್ಲಿ ಉತ್ತರ ಸಿಗದಿದ್ರೆ ವಾಪಸ್ ಕಳಿಸೋದೇ.

ಬನವಾಸಿ_ಬಿಟ್

ಲಾಗ್‌ನ ಕತೆ ನೋಡಿ. 64 ಕೆಬಿ ಬಫರ್, ಸಾಲಿಗೆ ನೂರು ಬೈಟ್. ಆರುನೂರೈವತ್ತು ಮೂಟೆವರೆಗೆ ಫೈಲ್‌ನಲ್ಲಿ ಏನೂ ಇಲ್ಲ! ಮಳೆಗಾಲದಲ್ಲಿ ಶಿರಸಿಯಲ್ಲಿ ಅಷ್ಟು ಹೊತ್ತು ಕರೆಂಟ್ ಇರೋದನ್ನ ಯಾರಾದ್ರೂ ನೋಡಿದ್ದೀರಾ?

ಕುಮಟಾ_ಕಂಪೈಲರ್

ಕೈಗಾದ ಒಂದನೇ ಘಟಕ 2018ರಲ್ಲಿ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡ್ತು. ನಮ್ಮ ಊರಿನ ಲೈನ್ 962 ನಿಮಿಷ ನಿಂತ್ರೆ ನಾವೂ ಪೇಪರ್‌ಗೆ ಕೊಡಬಹುದು.

ಶರಾವತಿ_ದಂಡೆ (ಹೊನ್ನಾವರ)

ಕಾಳಿಗೆ ಸೂಪಾದಿಂದ ಕದ್ರಾವರೆಗೆ ಸಾಲು ಅಣೆಕಟ್ಟು, ಶರಾವತಿಗೆ ಗೇರುಸೊಪ್ಪೆ, ಮೇಲಿಂದ ಕೈಗಾ. ಇಷ್ಟೆಲ್ಲಾ ನಮ್ಮ ಜಿಲ್ಲೆಯಲ್ಲಿ. ಗಾಳಿಗೆ ಒಂದು ಮರ ಬಿದ್ರೆ ಮೂರು ದಿನ ಚಿಮಣಿ ಬುಡ್ಡಿ.

ಬನವಾಸಿ_ಬಿಟ್

ಅದಕ್ಕೇ ಹೇಳಿದ್ದು. ಇನ್ನೊಂದು, ಎಫ್‌ಫ್ಲಶ್ ವಾಪಸ್ ಹಾಕಿದ್ರೂ ಕರೆಂಟ್ ಹೋದಾಗ ಉಳಿತದೆ ಅಂತ ಖಾತ್ರಿ ಇಲ್ಲ. ಎಫ್‌ಫ್ಲಶ್ ಪ್ರೋಗ್ರಾಮಿನ ಬಫರ್‌ನಿಂದ ಕರ್ನಲ್‌ಗೆ ಮುಟ್ಟಿಸ್ತದೆ, ಅಷ್ಟೇ. ಕರ್ನಲ್ ತನ್ನ ಪುರುಸೊತ್ತಿನಲ್ಲಿ ಡಿಸ್ಕಿಗೆ ಬರೀತದೆ. ಲಿನಕ್ಸ್‌ನ ಡೀಫಾಲ್ಟ್ ಪ್ರಕಾರ ಒಂದು ಪುಟ ಮೂವತ್ತು ಸೆಕೆಂಡು ಹಳೆಯದಾಗೋವರೆಗೂ ಮೆಮೊರಿಯಲ್ಲೇ ಕೂತಿರಬಹುದು. ಪ್ರೋಗ್ರಾಂ ಸತ್ರೆ ಎಫ್‌ಫ್ಲಶ್ ಸಾಕು. ಮಷಿನ್ನೇ ಸತ್ರೆ ಎಫ್‌ಸಿಂಕ್ ಬೇಕು, ಅದು ಕರ್ನಲ್‌ನಿಂದ ಡಿಸ್ಕಿಗೆ ಬರೆಸ್ತದೆ.

ಚಾಲಿ_ಮಾಣಿ

ಪ್ರತಿ ಮೂಟೆಗೂ ಎಫ್‌ಸಿಂಕ್? ನಿಧಾನ ಆಗೋದಿಲ್ವಾ?

ಬನವಾಸಿ_ಬಿಟ್

ತಿರುಗೋ ಹಾರ್ಡ್‌ಡಿಸ್ಕ್ ಆದ್ರೆ ಕೆಲವು ಹತ್ತು ಮಿಲಿಸೆಕೆಂಡು ಹಿಡೀಬಹುದು. ನಿಮಿಷಕ್ಕೊಂದು ಮೂಟೆ ಅಂತ ಭಾವ ಆಗಲೇ ಲೆಕ್ಕ ಕೊಟ್ಟಿದ್ದಾರಲ್ಲ. ರಿಪೋರ್ಟಿನ ದಾರಿಯಲ್ಲಿ ಮಾತ್ರ ಹಾಕಬೇಡಿ, ನಾಳೆವರೆಗೂ ಕೂತಿರ್ತೀರಿ.

ಶರಾವತಿ_ದಂಡೆ

ಎಫ್‌ಫ್ಲಶ್ ಮೊದಲು, ಎಫ್‌ಸಿಂಕ್ ಆಮೇಲೆ. ಬರೇ ಎಫ್‌ಸಿಂಕ್ ಬರೆದಿರೋ ಕೋಡ್ ಬೇಕಾದಷ್ಟು ಕಾಣಸಿಗ್ತದೆ. ಅಕ್ಷರ ಇನ್ನೂ ಸಿ ಲೈಬ್ರರಿಯ ಬಫರ್‌ನಲ್ಲೇ ಇದ್ರೆ ಕರ್ನಲ್ ಏನನ್ನ ಡಿಸ್ಕಿಗೆ ಬರೀಬೇಕು?

ತದಡಿ_ತಂತಿ

ಇಷ್ಟೆಲ್ಲಾ ಯಾಕೆ, ಬಫರೇ ಬೇಡ, ನೇರ ರೈಟ್ ಕರೀರಿ. ಇಲ್ಲಾಂದ್ರೆ ರಸ್ಟ್‌ನಲ್ಲಿ ಬರೀರಿ. 2020ರ ನಂತರ ಸಿ ಬರೆಯೋರಿಗೆ ನಮಸ್ಕಾರ.

ಬೈತಖೋಲ್

ಬಂದ್ರಪ್ಪ.

ರೈಟ್ ನೀವು ಕೊಟ್ಟಷ್ಟೂ ಬೈಟ್ ಬರೀತದೆ ಅಂತ ಯಾರೂ ಮಾತು ಕೊಟ್ಟಿಲ್ಲ. ಅರ್ಧ ಬರೆದು ವಾಪಸ್ ಬರಬಹುದು, ನಡುವೆ ಸಿಗ್ನಲ್ ಬರಬಹುದು. ಅದಕ್ಕೆಲ್ಲಾ ಲೂಪ್ ಬರೀಬೇಕು, ಬರೆದ್ರೆ ನೀವೇ ಒಂದು ಕೆಟ್ಟ ಎಸ್‌ಟಿಡಿ-ಐಒ (ಸಿ ಲೈಬ್ರರಿಯ ಬಫರ್ ವ್ಯವಸ್ಥೆ) ಕಟ್ಟಿದಹಾಗಾಯ್ತು. ರಸ್ಟ್‌ನ ಎಸ್‌ಟಿಡಿ-ಔಟ್ ಪೈಪ್ ಆದ್ರೂ ಲೈನ್ ಬಫರೇ, ಹಾಗಾಗಿ ಅಲ್ಲಿಯವ್ರಿಗೆ ಉಲ್ಟಾ ತಲೆನೋವು, ರಿಪೋರ್ಟ್ ನಿಧಾನ. ಅದಕ್ಕೆ ಬಫ್‌ರೈಟರ್ ಅನ್ನೋ ಬಫರ್ ಸುತ್ತಬೇಕು. ಆ ಬಫ್‌ರೈಟರ್ ಡ್ರಾಪ್ ಆಗುವಾಗ (ಕೆಲಸ ಮುಗಿದು ಅಳಿಸಿಹೋಗುವಾಗ) ದೋಷ ಬಂದ್ರೆ ನುಂಗಿಬಿಡ್ತದೆ. ಭಾಷೆ ಬದಲಾದ್ರೂ ಕೋಡಿಬಾಗದವ್ರ ಎರಡು ಪ್ರಶ್ನೆ ಬಿಡೋದಿಲ್ಲ.

ತದಡಿ_ತಂತಿ

ಸರಿ ಸರಿ, ತಮಾಷೆ ಮಾಡಿದ್ದು.

ಗುಡ್ಡೆಮನೆ_ಭಾವ

ತಮಾಷೆ ಅಲ್ಲ ಅದು, ಸಿಕ್ಕಿಬಿದ್ದ ಮೇಲೆ ಎಲ್ಲವೂ ತಮಾಷೆಯೇ.

ಕೋಡಿಬಾಗ

ಮುಂದೆ ಹೋಗೋಣ. @ಚಾಲಿ_ಮಾಣಿ, ಚೀಟಿಗೆ ಫೋರ್ಕ್ ಅಂದ್ರಲ್ಲ, ಆ ತುಂಡು ಕೋಡಿನಲ್ಲಿ ಮಗು ಪ್ರೊಸೆಸ್ ಏನು ಮಾಡ್ತದೆ? ಎಕ್ಸೆಕ್ (ಆ ಪ್ರೊಸೆಸ್‌ನಲ್ಲಿ ಬೇರೆ ಪ್ರೋಗ್ರಾಂ ಶುರುಮಾಡೋ ಕರೆ) ವಿಫಲ ಆದ್ರೆ ಮುಂದಿನ ಸಾಲು ಯಾವುದು?

ಚಾಲಿ_ಮಾಣಿ

ಎಕ್ಸೆಕ್, ಅದರ ಕೆಳಗೆ ಪೆರರ್ (ದೋಷ ತೋರಿಸೋದು), ಅದರ ಕೆಳಗೆ ಎಕ್ಸಿಟ್ 1. ಪ್ಯಾಚ್ ಅದನ್ನ ಮುಟ್ಟಿಲ್ಲ, ಹಳೆಯ ಕೋಡ್.

ಕೋಡಿಬಾಗ

ಮುಟ್ಟಿಲ್ಲ, ಆದ್ರೂ ಮುರಿದಿದೆ.

ಫೋರ್ಕ್ ಆದಾಗ ಮೆಮೊರಿಯ ಜೊತೆ ಬಫರ್‌ನಲ್ಲಿದ್ದ ಅಕ್ಷರವೂ ನಕಲಾಗ್ತದೆ. ಎಕ್ಸೆಕ್ ಯಶಸ್ವಿಯಾದ್ರೆ ಆ ನಕಲು ಅಳಿಸಿಹೋಗ್ತದೆ, ತೊಂದರೆ ಇಲ್ಲ. ಪ್ರಿಂಟ್ ಮಾಡೋ ಪ್ರೋಗ್ರಾಂ ಆ ಜಾಗದಲ್ಲಿ ಇಲ್ಲ ಅಂದ್ಕೊಳ್ಳಿ, ಎಕ್ಸೆಕ್ ವಿಫಲ. ಆಗ ಮಗು ಎಕ್ಸಿಟ್ ಕರೀತದೆ, ಎಕ್ಸಿಟ್ ಎಲ್ಲಾ ಬಫರ್ ಫ್ಲಶ್ ಮಾಡ್ತದೆ. ಅಂದ್ರೆ ಮಗು ತನ್ನ ನಕಲನ್ನ ಲಾಗ್‌ಗೆ ಬರೀತದೆ, ಆಮೇಲೆ ಅಪ್ಪ ತನ್ನದನ್ನ ಬರೀತಾನೆ. ಒಂದೇ ಮೂಟೆ ಎರಡು ಸಲ ಲೆಕ್ಕಕ್ಕೆ.

ಇಷ್ಟು ದಿನ ಯಾಕೆ ಆಗಿಲ್ಲ ಅಂದ್ರೆ ಪ್ರತಿ ಸಾಲಿಗೂ ಎಫ್‌ಫ್ಲಶ್ ಇತ್ತು, ಫೋರ್ಕ್ ಆಗೋ ಹೊತ್ತಿಗೆ ಬಫರ್ ಖಾಲಿ. ಆ ಎಫ್‌ಫ್ಲಶ್ ಹಳೆಯ ತಪ್ಪನ್ನ ಮುಚ್ಚಿಟ್ಟಿತ್ತು. ಅಲ್ಲಿ ಎಕ್ಸಿಟ್ ಬದಲು ಅಂಡರ್‌ಸ್ಕೋರ್-ಎಕ್ಸಿಟ್ ಬೇಕು; ಅದು ಬಫರ್ ಮುಟ್ಟದೆ ಹೊರಡ್ತದೆ. ಬಫರಿಂಗ್ ಬದಲಿಸೋ ಪ್ಯಾಚ್ ಬಂದ್ರೆ ನಾನು ಡಿಫ್ (ಬದಲಾದ ಸಾಲುಗಳು) ಮಾತ್ರ ನೋಡೋದಿಲ್ಲ. ಇಡೀ ಕೋಡಿನಲ್ಲಿ ಫೋರ್ಕ್, ಎಕ್ಸಿಟ್, ಅಬಾರ್ಟ್, ಸಿಗ್ನಲ್ ಹ್ಯಾಂಡ್ಲರ್ ಎಲ್ಲಿವೆ ಅಂತ ಗ್ರೆಪ್ ಹೊಡೆದು ಹುಡುಕ್ತೇನೆ.

ಈಶಾಡ್

ಇದು ಹೊಳೆದಿರಲಿಲ್ಲ. ಅಂಡರ್‌ಸ್ಕೋರ್-ಎಕ್ಸಿಟ್ ಬೇರೆ ಪ್ಯಾಚ್ ಮಾಡಿ ಮೊದಲು ಕಳಿಸ್ತೇನೆ.

ಶರಾವತಿ_ದಂಡೆ

ಸಿಗ್ನಲ್ ಅಂದಕೂಡ್ಲೇ, ಪರದೆಯ ಪ್ರೋಗ್ರಾಂ ಸತ್ತುಹೋದ್ರೆ? ಓದೋರಿಲ್ಲದ ಪೈಪ್‌ಗೆ ಬರೆದ್ರೆ ಸಿಗ್‌ಪೈಪ್ ಅನ್ನೋ ಸಿಗ್ನಲ್ ಬರ್ತದೆ, ಕಾಟಾದ ಪ್ರೋಗ್ರಾಮೂ ಜೊತೆಗೆ ಸಾಯ್ತದೆ. ಇದು ಹಳೆಯ ಸಮಸ್ಯೆಯೇ, ಆದ್ರೆ ಮೊದಲು ಆ ಸಾಲಿಗೇ ಗೊತ್ತಾಗ್ತಿತ್ತು. ಈಗ ನಲವತ್ತು ಮೂಟೆ ಆದ್ಮೇಲೆ.

ಮಂಜುಗುಣಿ_ಮೇಕ್

ಯಾರೂ ಎಸ್‌ಪ್ರಿಂಟ್‌ಎಫ್ ಬಗ್ಗೆ ಮಾತಾಡ್ತಾ ಇಲ್ಲ. ಅರೇ ಎಷ್ಟು ದೊಡ್ಡದು?

ಚಾಲಿ_ಮಾಣಿ

128.

ಮಂಜುಗುಣಿ_ಮೇಕ್

ಹೆಸರು, ಊರು, ಅಡಿಕೆ ಜಾತಿ ಎಲ್ಲಾ ಕನ್ನಡದಲ್ಲಿ ತಾನೆ? ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟಿಗೂ (ಯುನಿಕೋಡ್ ಸಂಖ್ಯೆ ಇರೋ ಚಿಹ್ನೆಗೂ) ಮೂರು ಬೈಟ್. ಒತ್ತು, ಸ್ವರಚಿಹ್ನೆ, ವಿರಾಮ (ಅರ್ಧಾಕ್ಷರದ ಗುರುತು) ಎಲ್ಲಾ ಬೇರೆ ಬೇರೆ ಎಣಿಸಬೇಕು. "ತಟ್ಟಿಬೆಟ್ಟೆ" ಅನ್ನೋ ಅಡಿಕೆ ಜಾತಿ ಒಂದಕ್ಕೇ 11 ಕೋಡ್ ಪಾಯಿಂಟ್, 33 ಬೈಟ್. ಮೇಲೆ ನಮ್ಮ ಕಡೆಯ ಹೆಸರು ಗೊತ್ತಲ್ಲ, ಅಪ್ಪನ ಹೆಸರು, ಅಡ್ಡಹೆಸರು, ಮನೆ ಹೆಸರು, ಊರು. 128 ಯಾವ ಮೂಲೆಗೆ? ನೀವೆಲ್ಲಾ ಸಾಲಿಗೆ ನೂರು ಬೈಟ್ ಅಂತ ಲೆಕ್ಕ ಹಾಕ್ತಾ ಕೂತಿದ್ದೀರಿ, ಅದೂ ಇಂಗ್ಲಿಷಿನ ಲೆಕ್ಕವೇ.

ಈಶಾಡ್

ಗಾತ್ರದ ಮಿತಿ ಇರೋ ಎಸ್‌ಎನ್‌ಪ್ರಿಂಟ್‌ಎಫ್ ಮಾಡಿದ್ರೆ ಆಯ್ತಲ್ಲ.

ಮಂಜುಗುಣಿ_ಮೇಕ್

ಅರೇ ದಾಟಿ ಬರೆಯೋದು ನಿಲ್ತದೆ, ಲೆಕ್ಕ ಕೆಡೋದು ನಿಲ್ಲೋದಿಲ್ಲ. ಸಾಲು ಉದ್ದವಾದ್ರೆ ತುದಿ ಕತ್ತರಿಸ್ತದೆ. ತುದಿಯಲ್ಲಿ ಏನಿದೆ? ಹೊಸ ಸಾಲಿನ ಅಕ್ಷರ. ಅದು ಹೋದ್ರೆ ಮುಂದಿನ ಮೂಟೆ ಇದೇ ಸಾಲಿಗೆ ಅಂಟ್ಕೊಳ್ತದೆ. ಮೂರು ಬೈಟಿನ ನಡುವೆ ಕತ್ತರಿಸಿದ್ರೆ ಅಲ್ಲೊಂದು ಮುರಿದ ಅಕ್ಷರ, ಅದನ್ನ ಓದೋ ಪ್ರೋಗ್ರಾಂ ಎಡವಿ ಬೀಳ್ತದೆ. ಎಸ್‌ಎನ್‌ಪ್ರಿಂಟ್‌ಎಫ್ ವಾಪಸ್ ಕೊಡೋ ಸಂಖ್ಯೆ ಬರೆದದ್ದಲ್ಲ, ಜಾಗ ಇದ್ದಿದ್ರೆ ಎಷ್ಟು ಬರೀತಿದ್ದೆ ಅನ್ನೋದು. ಅದು ಅರೇಯ ಗಾತ್ರದಷ್ಟೋ ಹೆಚ್ಚೋ ಇದ್ರೆ ದೋಷ ಅಂತ ನೋಡಬೇಕು.

ನನ್ನ ಕೇಳಿದ್ರೆ ಹಳೆಯ ನಾಲ್ಕು ಎಫ್‌ಪ್ರಿಂಟ್‌ಎಫ್ ಹಾಗೇ ಬಿಡಿ. ಬಫರ್ ಇರೋದೇ ಅವನ್ನೆಲ್ಲಾ ಕೂಡಿಸಿ ಒಂದು ರೈಟ್ ಮಾಡೋದಕ್ಕೆ. ನೀನು ಕೈಯಿಂದ ಕೂಡಿಸಿ ಉಳಿಸಿದ್ದು ಏನೂ ಇಲ್ಲ.

ಬನವಾಸಿ_ಬಿಟ್

ಸೇರಿಸಿ: ಶೇಕಡಾ ಮೈನಸ್ 20 ಎಸ್ ಅಂತ ಹೆಸರಿಗೆ ಜಾಗ ಕೊಟ್ಟಿದ್ರೆ ಅದೂ ಬೈಟ್ ಎಣಿಸೋದು. ಕನ್ನಡ ಹೆಸರು ಇಪ್ಪತ್ತು ಬೈಟ್ ಸುಲಭವಾಗಿ ದಾಟ್ತದೆ, ಪ್ಯಾಡಿಂಗ್ ಬೀಳೋದೇ ಇಲ್ಲ. ಪರದೆ ಮೇಲೆ ತೂಕದ ಕಾಲಂ ಹಾವಿನ ಹಾಗೆ ಕುಣಿತದೆ.

ಚಾಲಿ_ಮಾಣಿ

ಹೌದು! ಕುಣಿತಾ ಇದೆ! ಅದಕ್ಕೆ ಪರಿಹಾರ?

ಬನವಾಸಿ_ಬಿಟ್

ತೂಕ ಮೊದಲು, ಜಾತಿ ಆಮೇಲೆ, ಹೆಸರು ಕೊನೆಗೆ. ನಡುವೆ ಟ್ಯಾಬ್. ಒತ್ತಕ್ಷರದ ಅಗಲ ಲೆಕ್ಕ ಹಾಕೋ ಗೋಜಿಗೆ ಹೋಗಬೇಡಿ, ಅದು ಫಾಂಟ್‌ನವರ ಕೆಲಸ.

ಬೈತಖೋಲ್

ಸೆಟ್‌ವಿಬಫ್‌ಗೆ ಕೊಟ್ಟ ಆ 64 ಕೆಬಿ ಅರೇ ಎಲ್ಲಿ ಘೋಷಿಸಿದ್ದಾನೆ? ಯಾರೂ ಕೇಳಲೇ ಇಲ್ವಲ್ಲ.

ಚಾಲಿ_ಮಾಣಿ

ಲಾಗ್ ತೆರೆಯೋ ಫಂಕ್ಷನ್ನಿನ ಒಳಗೆ. ಆ ಫಂಕ್ಷನ್ ಫೈಲ್ ಪಾಯಿಂಟರ್ ವಾಪಸ್ ಕೊಡ್ತದೆ.

ಬೈತಖೋಲ್

ಸ್ಟ್ಯಾಟಿಕ್ (ಫಂಕ್ಷನ್ ಮುಗಿದ್ರೂ ಉಳಿಯೋದು) ಅಂತ ಇದೆಯಾ?

ಚಾಲಿ_ಮಾಣಿ

ಇಲ್ಲ.

ಕೋಡಿಬಾಗ

ಅಯ್ಯೋ ದೇವರೇ.

ಬೈತಖೋಲ್

ಸರಿ, ಈ ಪ್ಯಾಚಿನ ದೊಡ್ಡ ತಪ್ಪು ಇದೇ. ಫಂಕ್ಷನ್ ಮುಗಿದ ಕೂಡ್ಲೇ ಆ ಅರೇಯ ಜಾಗ ಸ್ಟ್ಯಾಕಿನಲ್ಲಿ ಬೇರೆಯವರಿಗೆ ಹೋಗ್ತದೆ. ಲೈಬ್ರರಿ ಮಾತ್ರ ಅಲ್ಲೇ ಬರೀತಾ ಇರ್ತದೆ. ಟೆಸ್ಟ್‌ನಲ್ಲಿ ಒಮ್ಮೊಮ್ಮೆ ಸರಿ ಓಡ್ತದೆ, ಅದೇ ಅಪಾಯ. ಬಫರ್‌ನ ಆಯುಷ್ಯ ಫೈಲ್ ಮುಚ್ಚೋವರೆಗೂ ಇರಬೇಕು. 

ಸೆಟ್‌ವಿಬಫ್ ಫೈಲ್ ತೆರೆದ ಮೇಲೆ, ಬೇರೆ ಏನೂ ಮಾಡೋ ಮುಂಚೆ ಕರೀಬೇಕು. ತಲೆಬರಹದ ಸಾಲು ಮೊದಲು ಬರೆದಿದ್ದಾನಾ ನೋಡಿ.

ಈಶಾಡ್

ತಲೆಬರಹ ಆಮೇಲೆಯೇ ಇದೆ. ಅರೇ ಬದಲು ನಲ್ (ಖಾಲಿ ಪಾಯಿಂಟರ್) ಕೊಟ್ಟು ಗಾತ್ರ 65536 ಹಾಕಿದ್ರೆ ಲೈಬ್ರರಿ ತಾನೇ ತಗೊಳ್ಳೋದಿಲ್ವಾ?

ಶರಾವತಿ_ದಂಡೆ

ಗ್ಲಿಬ್‌ಸಿಯಲ್ಲಿ ನಲ್ ಕೊಟ್ರೆ ಗಾತ್ರವನ್ನ ಕೇಳೋದೇ ಇಲ್ಲ, ವಿಧಾನ ಮಾತ್ರ ಬದಲಾಗ್ತದೆ. ಗಾತ್ರ ಬೇಕೇ ಬೇಕು ಅಂದ್ರೆ ಸ್ಟ್ಯಾಟಿಕ್ ಅರೇ ಕೊಡು.

ಈಶಾಡ್

ಹಾಗಾದ್ರೆ ರಿಪೋರ್ಟ್ ಫೈಲಿಗೆ ಮಾತ್ರ ಸ್ಟ್ಯಾಟಿಕ್. ಲಾಗ್‌ಗೆ ದೊಡ್ಡ ಬಫರೇ ಬೇಡ.

ಕುಮಟಾ_ಕಂಪೈಲರ್

ಪರದೆಗೆ ಕೋಡ್ ಮುಟ್ಟದೆ ಎಸ್‌ಟಿಡಿ-ಬಫ್ ಕಮಾಂಡ್ ಹಾಕಿ ಲೈನ್ ಬಫರ್ ಮಾಡಬಹುದಲ್ಲ?

ಬೈತಖೋಲ್

ಪರೀಕ್ಷೆಗೆ ಚಲೋ. ಆದ್ರೆ ಅದು ಲೈಬ್ರರಿಯನ್ನ ಮುಂಚೆಯೇ ಲೋಡ್ ಮಾಡಿಸಿ ಕೆಲಸ ಮಾಡೋದು. ಸ್ಟ್ಯಾಟಿಕ್ ಲಿಂಕ್ ಆದ ಪ್ರೋಗ್ರಾಮಿಗೆ ನಾಟೋದಿಲ್ಲ, ಪ್ರೋಗ್ರಾಮೇ ಸೆಟ್‌ವಿಬಫ್ ಕರೆದ್ರೆ ಅದರ ಮಾತೇ ಕೊನೆ. ವಖಾರಿಯ ಮಷಿನ್ನಿಗೆ ಮುಂದೆ ಯಾರೋ ಬಂದು ಸ್ಕ್ರಿಪ್ಟ್ ಬದಲಿಸ್ತಾರೆ, ಆ ಕಮಾಂಡ್ ಬಿಟ್ಟುಹೋಗ್ತದೆ. ಕೋಡಿನಲ್ಲೇ ಲೈನ್ ಬಫರಿಂಗ್ ಅಂತ ಬರೆದಿಡಿ.

ತದಡಿ_ತಂತಿ

ವಿಂಡೋಸ್‌ನಲ್ಲಿ ಓಡಿಸೋ ಯೋಚನೆ ಇದ್ರೆ ಹುಷಾರು. ಮೈಕ್ರೋಸಾಫ್ಟ್‌ನ ರನ್‌ಟೈಮ್‌ನಲ್ಲಿ ಲೈನ್ ಬಫರಿಂಗ್ ಕೇಳಿದ್ರೂ ಫುಲ್ ಬಫರಿಂಗೇ ಕೊಡೋದು. ಅಲ್ಲಿ ಎಫ್‌ಫ್ಲಶ್ ಬೇಕೇ ಬೇಕು. (ಈ ಸಲ ತಮಾಷೆ ಅಲ್ಲ.)

ಗುಡ್ಡೆಮನೆ_ಭಾವ

ಡಿಸ್ಕ್ ತುಂಬಿದ್ರೆ ಎಂತ ಆಗ್ತು ಹೇಳಿ ನೋಡಿದ್ರಾ? ಬಫರ್ ಇದ್ದಾಗ ಎಫ್‌ಪ್ರಿಂಟ್‌ಎಫ್ ನಗ್ತಾ "ಬರದೆ" ಹೇಳ್ತು. ದೋಷ ಗೊತ್ತಾಪ್ಪದು ಫ್ಲಶ್ ಅಥವಾ ಎಫ್‌ಕ್ಲೋಸ್ ಹೊತ್ತಿಗೆ. ಎಫ್‌ಕ್ಲೋಸಿನ ಉತ್ತರ ನೋಡವ್ವು ಯಾರಿದ್ದ? ಜಿಎನ್‌ಯು ಕೋರ್‌ಯುಟಿಲ್ಸಿನ (ಎಲ್‌ಎಸ್, ಕ್ಯಾಟ್ ತರದ ಮೂಲ ಕಮಾಂಡ್) ಪ್ರೋಗ್ರಾಮೆಲ್ಲಾ ಹೊರಡಕ್ಕಿದ್ರೆ ಎಸ್‌ಟಿಡಿ-ಔಟ್ ಮುಚ್ಚಿ ದೋಷ ಇದ್ದ ನೋಡ್ತ. ಲಿನಕ್ಸಿನಲ್ಲಿ ಡೆವ್ ಕೆಳಗೆ ಫುಲ್ ಹೇಳಿ ಒಂದು ಸಾಧನ ಇದ್ದು. ಎಂತ ಬರದ್ರೂ ಜಾಗ ಇಲ್ಲೆ ಹೇಳ್ತು. ರಿಪೋರ್ಟನ್ನ ಅದಕ್ಕೆ ಬರ್ಸಿ ನೋಡು. ಪ್ರೋಗ್ರಾಂ ಸೊನ್ನೆ (ಎಲ್ಲಾ ಸರಿ ಹೇಳಿ ಅರ್ಥ) ಕೊಟ್ಟು ಹೊರಟ್ರೆ ಪ್ಯಾಚ್ ವಾಪಸ್ಸು.

ಚಾಲಿ_ಮಾಣಿ

ಈಗಲೇ ಹಾಕಿ ನೋಡಿದೆ. ಸೊನ್ನೆ ಕೊಟ್ಟಿತು. ಪ್ಯಾಚ್ ಇಲ್ಲದ ಹಳೆಯ ಕೋಡೂ ಸೊನ್ನೆಯೇ.

ಗುಡ್ಡೆಮನೆ_ಭಾವ

ಹಳೇದು ಯಾರು ಬರದ್ದು?

ಚಾಲಿ_ಮಾಣಿ

ಅದೆಲ್ಲಾ ಈಗ ಬೇಡ ಭಾವ.

ಮಂಜುಗುಣಿ_ಮೇಕ್

😄

ಟ್ಯಾಬ್-ಸ್ಪೇಸ್ ಬದಲಾವಣೆ ಮಾತ್ರ ದಯವಿಟ್ಟು ಬೇರೆ ಕಮಿಟ್ ಮಾಡಪ್ಪ. ಡಿಫ್‌ನಲ್ಲಿ ಸ್ಪೇಸ್ ಅಡಗಿಸಿ ನೋಡಬಹುದು ನಿಜ, ಆದ್ರೆ ಮುಂದೆ ಯಾರೋ ಬ್ಲೇಮ್ ಹಾಕಿ ಯಾವ ಸಾಲು ಯಾರದ್ದು ಅಂತ ನೋಡಿದ್ರೆ ಇಡೀ ಫೈಲು ನಿನ್ನ ಹೆಸರಲ್ಲಿ ಕಾಣ್ತದೆ. ಮಾಡದ ತಪ್ಪೂ ನಿಂದಾಗ್ತದೆ.

ಶರಾವತಿ_ದಂಡೆ

ಒಂದು ಮಾತು, ಹುಡುಗ ರಿಪೋರ್ಟ್ ನಿಧಾನ ಅಂತ ಅಳತೆ ಮಾಡಿ ತೋರಿಸಿದ್ದಾನೆ. ನಾವು ಇಷ್ಟು ಜನ ಬೈದು ಬಿಟ್ವಿ. ಅಳತೆ ಮಾಡಿ ಪ್ಯಾಚ್ ಕಳಿಸೋರು ಎಷ್ಟು ಜನ ಇದ್ದಾರೆ ಹೇಳಿ.

ಕೋಡಿಬಾಗ

ಬೈದದ್ದು ಕೋಡಿಗೆ ಮಾರಾಯ್ರೇ. ಹುಡುಗನಿಗೆ ಈಶಾಡ್ ಮಾವಿನ ಹಣ್ಣಿನ ಸೀಸನ್‌ನಲ್ಲಿ ನಾವೇ ಗಿರಾಕಿ.

ಈಶಾಡ್

ಬೇಜಾರಿಲ್ಲ. ಐದು ತುಂಡು ಮಾಡಿ ಕಳಿಸಿದ್ದೇನೆ: ಅಂಡರ್‌ಸ್ಕೋರ್-ಎಕ್ಸಿಟ್; ಲಾಗ್‌ಗೆ ಎಫ್‌ಫ್ಲಶ್ ಮತ್ತು ಎಫ್‌ಸಿಂಕ್; ಪರದೆಗೆ ಲೈನ್ ಬಫರಿಂಗ್; ರಿಪೋರ್ಟಿಗೆ ಸ್ಟ್ಯಾಟಿಕ್ ಬಫರ್, ಮುಚ್ಚುವಾಗ ದೋಷ ನೋಡೋದು; ಕೊನೆಗೆ ಹೆಸರನ್ನ ಸಾಲಿನ ತುದಿಗೆ. ಎಸ್‌ಪ್ರಿಂಟ್‌ಎಫ್ ತೆಗೆದೆ. ಟ್ಯಾಬ್ ಮುಟ್ಟಿಲ್ಲ. ಡೆವ್ ಫುಲ್‌ಗೆ ಈಗ 1 ಕೊಡ್ತದೆ.

ಕುಮಟಾ_ಕಂಪೈಲರ್

ಭಾನುವಾರ ಶಿರಸಿಗೆ ಬಂದು ಕಾಟಾದ ಮೇಲೇ ಪರೀಕ್ಷೆ ಮಾಡೋಣ ಅಂತಿದ್ದೆ. ದೇವಿಮನೆ ಘಟ್ಟದಲ್ಲಿ ಗಾಡಿ ಬಿಡ್ತಾ ಇದ್ದಾರಾ?

ಚಾಲಿ_ಮಾಣಿ

ಬೆಳಿಗ್ಗೆ ಕೇಳಿ ಹೇಳ್ತೇನೆ. ಪರೀಕ್ಷೆಗೆ ಪ್ರಿಂಟರ್ ಪ್ರೋಗ್ರಾಂ ತೆಗೆದುಹಾಕಿಯೂ ಒಂದ್ಸಲ ಓಡಿಸ್ಬೇಕು, ಮೂಟೆ ಎರಡಾಗ್ತದಾ ನೋಡೋಕೆ.

ಬೈತಖೋಲ್

ನಾಲ್ಕನೇ ತುಂಡು ನೋಡಿದೆ. ಎಫ್‌ಕ್ಲೋಸ್ ವಿಫಲ ಆದ್ರೆ ಕ್ಲೀನಪ್‌ಗೆ ಹಾರಿ ಅಲ್ಲಿ ಅದೇ ಪಾಯಿಂಟರ್‌ಗೆ ಮತ್ತೆ ಎಫ್‌ಕ್ಲೋಸ್ ಕರೀತಾ ಇದೆ. ಮೊದಲನೆಯದು ವಿಫಲ ಆದ್ರೂ ಸ್ಟ್ರೀಮ್ ಮುಚ್ಚಿದಹಾಗೇ ಲೆಕ್ಕ, ಎರಡನೇ ಸಲ ಮುಟ್ಟೋ ಹಾಗಿಲ್ಲ. ಹಾರೋ ಮುಂಚೆ ಪಾಯಿಂಟರ್ ನಲ್ ಮಾಡು. ಉಳಿದ ನಾಲ್ಕಕ್ಕೆ ನನ್ನ ಒಪ್ಪಿಗೆ ಇದೆ.